ಲೇಸರ್ ಬರೀ ಕಡ್ಡಿ, ಉರಿಯುವುದು ಉಕ್ಕು

2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಯಾವ ಉಕ್ಕನ್ನು ಹಸಿರು ಎಂದು ಕರೆಯಬಹುದು ಎಂಬುದಕ್ಕೆ ಮಾನದಂಡ ಪ್ರಕಟಿಸಿತು. ಒಂದು ಟನ್ ಸಿದ್ಧ ಉಕ್ಕಿನ ಹಿಂದೆ ಹೊರಬಿದ್ದ ಇಂಗಾಲದ ಡೈಆಕ್ಸೈಡ್ 2.2 ಟನ್‌ಗಿಂತ ಕಡಿಮೆಯಿದ್ದರೆ ನಕ್ಷತ್ರ ಸಿಗುತ್ತದೆ, 1.6ಕ್ಕಿಂತ ಕೆಳಗಿದ್ದರೆ ಐದು ನಕ್ಷತ್ರ. ಅಂದಿನಿಂದ ಮಾತೆಲ್ಲ ಜಲಜನಕ, ಸೌರವಿದ್ಯುತ್ತು, ಗುಜರಿ ಕಬ್ಬಿಣದ ಸುತ್ತಲೇ ತಿರುಗುತ್ತಿದೆ. ಲೆಕ್ಕ ಹಾಕುವುದು ಎರಕ ಹೊಯ್ದ ಉಕ್ಕಿನ ಮೇಲಲ್ಲ, ಮಾರಾಟಕ್ಕೆ ಅಣಿಯಾದ ಉಕ್ಕಿನ ಮೇಲೆ ಎಂಬುದನ್ನು ಗಮನಿಸಿದವರು ಕಡಿಮೆ. ಇವೆರಡರ ನಡುವೆ ಒಂದಿಷ್ಟು ಉಕ್ಕು ನಷ್ಟವಾಗುತ್ತದೆ. ಅದರಲ್ಲಿ ಒಂದು ಪಾಲನ್ನು ಕಾರ್ಖಾನೆಗಳು ತಾವೇ ಬೆಂಕಿ ಹಚ್ಚಿ ಸುಡುತ್ತವೆ.

ಸ್ಕಾರ್ಫಿಂಗ್ ಎಂದು ಕರೆಯುವ ಈ ಕೆಲಸದ ಉದ್ದೇಶ ಉಕ್ಕಿನ ಮೈಮೇಲಿನ ದೋಷಗಳನ್ನು ತೆಗೆಯುವುದು. ಬಿರುಕು, ಗುಳಿ, ಹೂತುಕೊಂಡ ಕಿಟ್ಟ ಇರುವ ಮೇಲ್ಪದರವನ್ನು ಶುದ್ಧ ಆಮ್ಲಜನಕದ ರಭಸದಲ್ಲಿ ಉರಿಸಿ ಕೊಚ್ಚಿಹಾಕಲಾಗುತ್ತದೆ. ಈ ಬೆಂಕಿಯನ್ನು ಅನಿಲದ ಜ್ವಾಲೆಯ ಬದಲು ಲೇಸರ್ ಕಿರಣದಿಂದ ಹೊತ್ತಿಸಬಹುದು ಎಂಬ ವಿಚಾರ ಹೊಸದೇನಲ್ಲ. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿ 1970ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿತ್ತು. (ಭೋಪಾಲದ ದುರಂತದಿಂದಷ್ಟೇ ನಾವು ಬಲ್ಲ ಈ ಕಂಪನಿ ಕೈಗಾರಿಕಾ ಅನಿಲಗಳ ದೊಡ್ಡ ವ್ಯಾಪಾರಿಯೂ ಆಗಿತ್ತು, ಅದರ ಲಿಂಡೆ ವಿಭಾಗ ಸ್ಕಾರ್ಫಿಂಗ್ ಯಂತ್ರಗಳನ್ನೂ ತಯಾರಿಸುತ್ತಿತ್ತು.) ಆಗ ಕಿಲೋವ್ಯಾಟ್ ಸಾಮರ್ಥ್ಯದ ಲೇಸರ್ ಎಂದರೆ ಪ್ರಯೋಗಾಲಯದ ವಸ್ತು. ಈಗ ಅಂಥವು ಪೀಣ್ಯದ ಶೆಡ್ಡುಗಳಲ್ಲಿ ಹಗಲಿರುಳು ತಗಡು ಕತ್ತರಿಸುತ್ತಿವೆ. ಹಾಗಾಗಿ ಹಳೆಯ ವಿಚಾರಕ್ಕೆ ಮತ್ತೆ ಜೀವ ಬಂದಿದೆ. ನನಗೆ ಕಾಣುವಂತೆ, ಇಲ್ಲಿ ಹೆಸರು ಲೇಸರಿಗೆ ಹೋಗುತ್ತದೆ, ಕೆಲಸವನ್ನು ಆಮ್ಲಜನಕ ಮಾಡುತ್ತದೆ, ಆದರೆ ಇಡೀ ಏರ್ಪಾಡು ಮುಗ್ಗರಿಸುವುದು ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಜಾಗದಲ್ಲಿ.

ಮೊದಲು ದೋಷ ಹುಟ್ಟುವ ಜಾಗವನ್ನು ನೋಡಬೇಕು. ಕರಗಿದ ಉಕ್ಕನ್ನು ನೀರು ಹರಿಸಿ ತಂಪಾಗಿಟ್ಟ ತಾಮ್ರದ ಅಚ್ಚಿಗೆ ಮೇಲಿನಿಂದ ಸುರಿಯುತ್ತಾರೆ. ಗೋಡೆಗೆ ತಾಗಿದ ಉಕ್ಕು ತೆಳ್ಳಗಿನ ಚಿಪ್ಪಾಗಿ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ದ್ರವ. ಅಂಟಿಕೊಳ್ಳದಿರಲಿ ಎಂದು ಅಚ್ಚನ್ನು ಸದಾ ಮೇಲೆ ಕೆಳಗೆ ಅಲುಗಿಸುತ್ತಿರುತ್ತಾರೆ, ಮೇಲೆ ಒಂದು ಬಗೆಯ ಪುಡಿ ಉದುರಿಸುತ್ತಾರೆ. ಪ್ರತಿ ಅಲುಗಾಟಕ್ಕೂ ಚಿಪ್ಪಿನ ಮೇಲೆ ಒಂದು ಅಡ್ಡಗೆರೆ ಮೂಡುತ್ತದೆ. ಆ ಗೆರೆಯ ತಳದಲ್ಲೇ ಅಡ್ಡಬಿರುಕು ಹುಟ್ಟಲು ಜಾಗ. ಇಂಗಾಲದ ಅಂಶ ಶೇಕಡಾ 0.09ರಿಂದ 0.17ರ ನಡುವೆ ಇರುವ ಉಕ್ಕು ಗಟ್ಟಿಯಾಗುವಾಗ ಉಳಿದವುಗಳಿಗಿಂತ ಹೆಚ್ಚು ಕುಗ್ಗುತ್ತದೆ. ಅದರಲ್ಲಿ ಉದ್ದಬಿರುಕು ಸಾಮಾನ್ಯ. ಪೈಪ್‌ಲೈನ್, ಸೇತುವೆಗಳಿಗೆಂದು ನಯೋಬಿಯಂ ಎಂಬ ಲೋಹ ಬೆರೆಸಿದ ಉಕ್ಕು 700ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಬಾಗಿ ಬರುವ ಎರಕವನ್ನು ನೇರ ಮಾಡುವ ಹೊತ್ತಿಗೆ ಅದರ ಅಂಚುಗಳು ಇದೇ ಉಷ್ಣತೆಯಲ್ಲಿದ್ದರೆ ಮೂಲೆಗಳು ಸೀಳುತ್ತವೆ. ಉದುರಿಸಿದ ಪುಡಿಯೇ ಕೆಲವೊಮ್ಮೆ ಚಿಪ್ಪಿನೊಳಗೆ ಸಿಕ್ಕಿಕೊಳ್ಳುತ್ತದೆ. ಕರಗಿದ್ದ ಅನಿಲ ಗುಳ್ಳೆಯಾಗಿ ಚರ್ಮದ ಕೆಳಗೇ ಉಳಿಯುತ್ತದೆ.

ಹೀಗೆ ತಯಾರಾಗುವ ಸ್ಲ್ಯಾಬ್, ಅಂದರೆ ಉಕ್ಕಿನ ಭಾರಿ ಹಲಗೆ, ಸುಮಾರು 220 ಮಿ.ಮೀ. ದಪ್ಪ. ಅದನ್ನು ಬಿಸಿಯಾಗಿ ಲಟ್ಟಿಸಿ 2.2 ಮಿ.ಮೀ. ಪಟ್ಟಿ ಮಾಡಿದರೆ ಅಗಲ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಉದ್ದ ನೂರು ಪಟ್ಟು ಬೆಳೆಯುತ್ತದೆ. ದೋಷವೂ ಅಷ್ಟೇ ಬೆಳೆಯುತ್ತದೆ. ಸ್ಲ್ಯಾಬಿನ ಮೇಲೆ ಉದ್ದಕ್ಕೆ ಬಿದ್ದ 10 ಮಿ.ಮೀ. ಬಿರುಕು ಪಟ್ಟಿಯ ಮೇಲೆ ಒಂದು ಮೀಟರ್ ಗೀರು. ಕಾರಿನ ಬಾಗಿಲಿಗೆ ಬೇಕಾದ 0.7 ಮಿ.ಮೀ.ಗೆ ಇಳಿಸುವ ಹೊತ್ತಿಗೆ ಅದು ಮೂರು ಮೀಟರ್. ಬಣ್ಣ ಬಳಿದ ಮೇಲೆ ಎದ್ದು ಕಾಣುವ ಇಂಥ ಗೆರೆಗೆ ಕಾರು ಕಂಪನಿಗಳು ಇಡೀ ಕಾಯಿಲನ್ನೇ (ಪಟ್ಟಿಯ ಸುರುಳಿಯನ್ನೇ) ವಾಪಸು ಕಳಿಸಬಲ್ಲವು.

ಆದ್ದರಿಂದಲೇ ಸ್ಲ್ಯಾಬ್ ಹಂತದಲ್ಲಿ ದೋಷ ತೆಗೆಯುವ ಹಟ. ಬೆಲೆ ಎಷ್ಟು ಎಂದು ನೋಡೋಣ. 220 ಮಿ.ಮೀ. ದಪ್ಪ, ಒಂದೂವರೆ ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಸ್ಲ್ಯಾಬ್ ಸುಮಾರು 26 ಟನ್ ತೂಗುತ್ತದೆ. ಮೇಲೊಂದು ಕೆಳಗೊಂದು, ಎರಡು ಅಗಲ ಮುಖಗಳಿಂದ ಎರಡೆರಡು ಮಿ.ಮೀ. ಸುಟ್ಟರೆ ಹೋಗುವುದು ಶೇಕಡಾ 1.8, ಅಂದರೆ 470 ಕಿಲೋ. ಒಂದೇ ಸ್ಲ್ಯಾಬಿನಲ್ಲಿ. ಸುಟ್ಟದ್ದು ಪೂರ್ತಿ ನಷ್ಟವೇನಲ್ಲ. ಉಳಿದ ಕಿಟ್ಟವನ್ನು ಅದಿರಿನ ಜೊತೆ ಬೆರೆಸಿ ಮತ್ತೆ ಕುಲುಮೆಗೆ ಹಾಕುತ್ತಾರೆ. ಆದರೆ ಅದಿರಿನಿಂದ ಉಕ್ಕಾಗುವವರೆಗೆ ಖರ್ಚಾದ ಕಲ್ಲಿದ್ದಲು ಮರಳಿ ಬರುವುದಿಲ್ಲ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ 2.5 ಟನ್‌ನ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಒಂದು ಸ್ಲ್ಯಾಬಿನ ಚರ್ಮ ಸುಲಿದರೆ ಒಂದು ಟನ್‌ಗೂ ಮಿಕ್ಕಿ ಹೊಗೆ ವ್ಯರ್ಥ. ಎಲ್ಲ ಸ್ಲ್ಯಾಬುಗಳನ್ನೂ ಹೀಗೆ ಸುಲಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಕಟ್ಟಡದ ಕಬ್ಬಿಣಕ್ಕೆ ಇಷ್ಟು ನಾಜೂಕು ಬೇಡ. ಕಾರಿನ ಹೊರಮೈ, ಡಬ್ಬಿಯ ತಗಡು, ತೈಲದ ಪೈಪು ಇಂಥವುಗಳಿಗಷ್ಟೇ ಈ ಉಪಚಾರ. ಲಾಭ ಹೆಚ್ಚಿರುವುದೂ ಅಲ್ಲೇ.

ಗುಜರಿ ಅಂಗಡಿಯಲ್ಲಿ ಹಳೆಯ ಲಾರಿಯ ಚಾಸಿಯನ್ನು ಗ್ಯಾಸ್ ಕಟಿಂಗ್ ಮಾಡುವುದನ್ನು ನೋಡಿದವರಿಗೆ ಮುಂದಿನ ರಸಾಯನಶಾಸ್ತ್ರ ಹೊಸದಲ್ಲ. ಕಟ್ಟರ್ ಹಿಡಿದವನು ಮೊದಲು ಜ್ವಾಲೆಯಲ್ಲಿ ಒಂದು ಚುಕ್ಕೆಯನ್ನು ಕೆಂಪಗೆ ಕಾಯಿಸುತ್ತಾನೆ, ಆಮೇಲೆ ಪಕ್ಕದ ಹಿಡಿಯನ್ನು ಒತ್ತುತ್ತಾನೆ. ಒತ್ತಿದಾಗ ಬರುವುದು ಬರೀ ಆಮ್ಲಜನಕ. ಆ ಕ್ಷಣದಿಂದ ಕಬ್ಬಿಣ ಕರಗುವುದು ಹೊರಗಿನ ಜ್ವಾಲೆಯ ಶಾಖದಿಂದ ಮಾತ್ರವಲ್ಲ. ಕಬ್ಬಿಣವೇ ಇಂಧನವಾಗಿ ಉರಿಯತೊಡಗುತ್ತದೆ. ಸುಮಾರು 900 ಡಿಗ್ರಿಗೆ ಕಾದ ಕಬ್ಬಿಣ ಶುದ್ಧ ಆಮ್ಲಜನಕದಲ್ಲಿ ಹೊತ್ತಿಕೊಳ್ಳುತ್ತದೆ. ಒಂದು ಕಿಲೋ ಕಬ್ಬಿಣ ಆಕ್ಸೈಡಾಗಲು ಬೇಕಾದ ಆಮ್ಲಜನಕ 290 ಗ್ರಾಂ ಮಾತ್ರ, ಹುಟ್ಟುವ ಶಾಖ ಸುಮಾರು 4,900 ಕಿಲೋಜೌಲ್. ಒಂದು ಕಿಲೋ ತಣ್ಣನೆಯ ಕಬ್ಬಿಣವನ್ನು ಕರಗಿಸಲು ಬೇಕಾದದ್ದು 1,300 ಕಿಲೋಜೌಲ್. ಅಂದರೆ ಒಂದು ಕಿಲೋ ಉರಿದರೆ ಪಕ್ಕದ ಮೂರು ಕಿಲೋ ಕರಗುವಷ್ಟು ಬಿಸಿ.

ಇನ್ನೊಂದು ಅದೃಷ್ಟವೂ ಇದೆ. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಅದರ ಆಕ್ಸೈಡ್ ಸುಮಾರು 1,377 ಡಿಗ್ರಿಯಲ್ಲೇ ಕರಗುತ್ತದೆ. ಹಾಗಾಗಿ ಉರಿದದ್ದು ತೆಳುವಾಗಿ ಹರಿದು ಜಾಗ ಬಿಟ್ಟುಕೊಡುತ್ತದೆ, ಹೊಸ ಕಬ್ಬಿಣ ಆಮ್ಲಜನಕಕ್ಕೆ ಸಿಗುತ್ತದೆ. ಅಲ್ಯೂಮಿನಿಯಂನಲ್ಲಿ ಇದು ತಿರುವುಮುರುವು. ಲೋಹ 660 ಡಿಗ್ರಿಗೇ ಕರಗುತ್ತದೆ, ಆಕ್ಸೈಡಿಗೆ 2,000 ಡಿಗ್ರಿ ದಾಟಬೇಕು. ಸ್ಟೇನ್‌ಲೆಸ್ ಉಕ್ಕಿನ ಮೇಲೆ ಕ್ರೋಮಿಯಂ ಆಕ್ಸೈಡ್ ಗಟ್ಟಿ ಪೊರೆಯಾಗಿ ಕೂರುತ್ತದೆ, ಆಮ್ಲಜನಕವನ್ನು ಒಳಗೆ ಬಿಡುವುದಿಲ್ಲ. ಕಬ್ಬಿಣದ ಪುಡಿಯನ್ನು ಜ್ವಾಲೆಗೆ ಬೆರೆಸಿ ಹೇಗೋ ಸುಡಬಹುದು, ಇಲ್ಲವೇ ಗ್ರೈಂಡಿಂಗ್ ಕಲ್ಲಿನಿಂದ ಉಜ್ಜಬೇಕು. ಲೇಸರ್ ಮತ್ತು ಆಮ್ಲಜನಕದಿಂದ ‘ಲೋಹ’ದ ದೋಷ ತೆಗೆಯಬಹುದು ಎಂದು ಸಾರಾಸಗಟಾಗಿ ಬರೆಯುವವರು ಇದನ್ನು ಮರೆಯುತ್ತಾರೆ. ಈ ವಿದ್ಯೆ ಮುಖ್ಯವಾಗಿ ಕಡಿಮೆ ಇಂಗಾಲದ ಸಾಮಾನ್ಯ ಉಕ್ಕಿನದು.

ಲೇಸರಿಗೂ ಆಮ್ಲಜನಕಕ್ಕೂ ನಂಟು ಬೆಳೆದದ್ದು ಕತ್ತರಿಸುವ ಕೆಲಸದಲ್ಲಿ. ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಮೂರೇ ವರ್ಷಗಳ ನಂತರ, 1967ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಹೋಲ್ಡ್‌ಕ್ರಾಫ್ಟ್ ಅಂಥ 300 ವ್ಯಾಟ್ ಲೇಸರಿನ ಕಿರಣದ ಜೊತೆಗೇ ಆಮ್ಲಜನಕವನ್ನೂ ಹಾಯಿಸಿ ಒಂದು ಮಿ.ಮೀ. ದಪ್ಪದ ಉಕ್ಕನ್ನು ಕತ್ತರಿಸಿದರು. ಮುನ್ನೂರು ವ್ಯಾಟ್ ಎಂದರೆ ಅಡುಗೆಮನೆಯ ಮಿಕ್ಸರಿಗೂ ಸಾಲದ ಶಕ್ತಿ. ಆಮ್ಲಜನಕವಿಲ್ಲದೆ ಅಷ್ಟರಲ್ಲಿ ಆ ಕೆಲಸ ಆಗುತ್ತಿರಲಿಲ್ಲ. ಇವತ್ತಿಗೂ ದಪ್ಪ ಉಕ್ಕಿನ ತಗಡನ್ನು ಆಮ್ಲಜನಕ ಹಾಯಿಸಿ ಲೇಸರ್ ಕಟಿಂಗ್ ಮಾಡುವಾಗ ಶಾಖದ ದೊಡ್ಡ ಪಾಲು ಕಬ್ಬಿಣ ಉರಿಯುವುದರಿಂದಲೇ ಬರುತ್ತದೆ.

ಇದನ್ನು ಸ್ಕಾರ್ಫಿಂಗಿಗೆ ಅನ್ವಯಿಸಿ ನೋಡಿದರೆ ಲೇಸರಿನ ನಿಜವಾದ ಅಳತೆ ಸಿಗುತ್ತದೆ. 100 ಮಿ.ಮೀ. ಅಗಲ, 2 ಮಿ.ಮೀ. ಆಳದ ಪದರವನ್ನು ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ತೆಗೆಯಬೇಕು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 260 ಗ್ರಾಂ ಉಕ್ಕು. ಬರೀ ಕರಗಿಸಲು 340 ಕಿಲೋವ್ಯಾಟ್ ಬೇಕು. ಫೈಬರ್ ಲೇಸರಿನ ಬೆಳಕಿನಲ್ಲಿ ಉಕ್ಕು ಹೀರಿಕೊಳ್ಳುವುದು ಸುಮಾರು ಮೂರನೇ ಒಂದು ಭಾಗ, ಉಳಿದದ್ದು ಪ್ರತಿಫಲಿಸಿ ಹೋಗುತ್ತದೆ. ಹಾಗಾಗಿ ಒಂದು ಮೆಗಾವ್ಯಾಟ್ ಲೇಸರ್ ಬೇಕಾಗುತ್ತದೆ; ಅದಕ್ಕೆ ಊಡಿಸುವ ವಿದ್ಯುತ್ತು ಸುಮಾರು ಮೂರು ಮೆಗಾವ್ಯಾಟ್. ಒಂದು ಸಾಲು ಸುಲಿಯಲು ಇಷ್ಟು ಖರ್ಚು ಮಾಡುವ ಹುಚ್ಚರು ಎಲ್ಲೂ ಇಲ್ಲ. ಅದೇ ಕೆಲಸವನ್ನು ಆಮ್ಲಜನಕ ಸಲೀಸಾಗಿ ಮಾಡುತ್ತದೆ. ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ದುಬಾರಿಯೂ ಅಲ್ಲ. ಕಬ್ಬಿಣವನ್ನು ಉಕ್ಕಾಗಿಸುವ ಕನ್ವರ್ಟರಿನಲ್ಲಿ ಪ್ರತಿ ಟನ್ ಉಕ್ಕಿಗೆ ಐವತ್ತು ಘನ ಮೀಟರ್ ಸುರಿಯುವವರ ಅಂಗಳದಲ್ಲಿ ಅದರದೇ ಸ್ಥಾವರ ಇರುತ್ತದೆ. 2021ರ ಏಪ್ರಿಲ್‌ನಲ್ಲಿ ಆಸ್ಪತ್ರೆಗಳು ಉಸಿರಿಗಾಗಿ ಪರದಾಡಿದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಹೊರಟಿದ್ದು ಇದೇ ಕಾರಣಕ್ಕೆ.

ಹಾಗಾದರೆ ಲೇಸರ್ ಏಕೆ? ಹೊತ್ತಿಸಲು. ಒಲೆ ಉರಿಯುವುದು ಕಟ್ಟಿಗೆಯಿಂದ, ಕಡ್ಡಿ ಗೀರಿದವರು ಸೌದೆಯ ಲೆಕ್ಕ ಕೊಡುವುದಿಲ್ಲ. ಲೇಸರಿನ ಪಾತ್ರ ಕಡ್ಡಿಯದು. ಆದರೆ ಕಡ್ಡಿಯಲ್ಲೂ ವ್ಯತ್ಯಾಸವಿದೆ. ಅನಿಲದ ಜ್ವಾಲೆ ತಣ್ಣನೆಯ ಸ್ಲ್ಯಾಬಿನ ಮೇಲೆ ಕರಗಿದ ಹೊಂಡ ಎಬ್ಬಿಸಲು ಹಲವು ಸೆಕೆಂಡುಗಳನ್ನು ತಿನ್ನುತ್ತದೆ, ಅಷ್ಟು ಹೊತ್ತು ಸ್ಲ್ಯಾಬ್ ನಿಂತಿರಬೇಕು. ಹತ್ತು ಮಿ.ಮೀ. ಅಗಲ, ಒಂದು ಮಿ.ಮೀ. ಆಳದ ಹೊಂಡಕ್ಕೆ ಬೇಕಾದ ಶಾಖ ಒಂದು ಕಿಲೋಜೌಲ್‌ಗೂ ಕಡಿಮೆ. ಐದು ಕಿಲೋವ್ಯಾಟ್ ಲೇಸರ್, ಪ್ರತಿಫಲನವನ್ನು ಕಳೆದರೂ, ಅದನ್ನು ಅರ್ಧ ಸೆಕೆಂಡಿನ ಆಜುಬಾಜಿನಲ್ಲಿ ಕೊಡುತ್ತದೆ. ಸ್ಲ್ಯಾಬ್ ಚಲಿಸುತ್ತಿರುವಾಗಲೇ, ಮಧ್ಯದಲ್ಲಿ ಎಲ್ಲಿ ಬೇಕೋ ಅಲ್ಲಿ ಬೆಂಕಿ ಹಚ್ಚಬಹುದು. ಇಡೀ ಮೈ ಸುಲಿಯುವ ಬದಲು ದೋಷವಿರುವ ಹತ್ತನೇ ಒಂದು ಭಾಗವನ್ನಷ್ಟೇ ಸುಟ್ಟರೆ ಮೇಲೆ ಹೇಳಿದ 470 ಕಿಲೋ 47ಕ್ಕೆ ಇಳಿಯುತ್ತದೆ. ಎಲ್ಲ ಸ್ಲ್ಯಾಬುಗಳನ್ನೂ ಸುಲಿಯುವ ಕಾರ್ಖಾನೆಯೊಂದು ಟನ್ ಉಕ್ಕಿಗೆ 2.23 ಟನ್ ಇಂಗಾಲದ ಡೈಆಕ್ಸೈಡಿನಲ್ಲಿ ನಿಂತಿದ್ದರೆ, ಈ ಉಳಿತಾಯವೊಂದೇ ಅದನ್ನು ಹಸಿರು ಉಕ್ಕಿನ 2.2ರ ಗೆರೆಯ ಕೆಳಗೆ ತರಬಲ್ಲದು. 2026ರ ಜನವರಿಯಿಂದ ಯುರೋಪ್ ಆಮದು ಉಕ್ಕಿನ ಇಂಗಾಲಕ್ಕೆ ಬೆಲೆ ಕಟ್ಟುವ ನಿಯಮ ಪೂರ್ಣವಾಗಿ ಜಾರಿಗೆ ಬಂದಿರುವಾಗ ಇಂಥ ಚಿಲ್ಲರೆಯೂ ಚಿಲ್ಲರೆಯಲ್ಲ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದಿರಬಹುದು. ಇವತ್ತು ಅನುಮಾನವಿರುವ ಸ್ಲ್ಯಾಬುಗಳನ್ನು ಅಂಗಳದಲ್ಲಿ ದಿನಗಟ್ಟಲೆ ತಣ್ಣಗಾಗಲು ಬಿಟ್ಟು, ಕಣ್ಣಿನಿಂದ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೈಯಿಂದ ಸುಟ್ಟು, ಮತ್ತೆ 1,200 ಡಿಗ್ರಿಗೆ ಕಾಯಿಸುತ್ತಾರೆ. ಎರಕದಿಂದ ಬಿಸಿಬಿಸಿಯಾಗಿ ಬಂದದ್ದನ್ನು ಹಾಗೆಯೇ ಸರಿಪಡಿಸಿ ಕುಲುಮೆಗೆ ತಳ್ಳಿದರೆ ಆ ಇಂಧನ ಉಳಿಯುತ್ತದೆ. ಕೈಯಿಂದ ಸುಡುವ ಕೆಲಸ ಎಂಥದ್ದು ಎಂಬುದನ್ನೂ ಹೇಳದೆ ಮುಂದೆ ಹೋಗಲಾಗದು. ಉದ್ದ ಕೋಲಿನ ಟಾರ್ಚ್ ಹಿಡಿದು 26 ಟನ್ ಲೋಹದ ಮೇಲೆ ಬಗ್ಗಿ ನಿಂತವನ ಮುಂದೆ ಕಿಡಿಗಳ ಸುರಿಮಳೆ, ಕಿವಿಗಡಚಿಕ್ಕುವ ಸದ್ದು, ಕಂದು ಬಣ್ಣದ ಆಕ್ಸೈಡ್ ಹೊಗೆ. ಇಂಥ ಕೆಲಸಗಳು ಗುತ್ತಿಗೆ ಕಾರ್ಮಿಕರ ಪಾಲಿಗೆ ಬರುವುದು ನಮ್ಮ ಕಾರ್ಖಾನೆಗಳಲ್ಲಿ ಹೊಸದಲ್ಲ. ಅವನನ್ನು ಅಲ್ಲಿಂದ ದೂರ ನಿಲ್ಲಿಸುವುದಕ್ಕಾದರೂ ಯಂತ್ರ ಬರಲಿ ಎನ್ನುವ ವಾದವನ್ನು ನಾನು ಒಪ್ಪುತ್ತೇನೆ. ಲೇಸರ್ ತನ್ನದೇ ಅಪಾಯ ತರುತ್ತದೆ ಎಂಬುದು ನಿಜ. 1.07 ಮೈಕ್ರೋಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ನೇರ ಅಕ್ಷಿಪಟಕ್ಕೆ ಹೋಗುತ್ತದೆ, ಕರಗಿದ ಉಕ್ಕಿನಿಂದ ಯಾವ ದಿಕ್ಕಿಗೆ ಚಿಮ್ಮುತ್ತದೆ ಎಂದು ಮೊದಲೇ ಹೇಳಲಾಗದು. ಸುತ್ತ ಮುಚ್ಚಿದ ಕೋಣೆ ಬೇಕೇ ಬೇಕು. ಹೊಗೆ, ಧೂಳು, ಕಂಪನಗಳ ನಡುವೆ ಮಸೂರಗಳನ್ನು ಶುಚಿಯಾಗಿ ಇಡುವುದೂ ಸಣ್ಣ ತಲೆನೋವಲ್ಲ.

ಆಮ್ಲಜನಕ ಹೊರಚಿಮ್ಮುವ ಮೂತಿ, ಅಂದರೆ ನಾಜಲ್‌ನದು ಮತ್ತೊಂದು ಪೇಚು. ಮಧ್ಯದಲ್ಲಿ ಒಂದು ಪಟ್ಟಿ ಸುಟ್ಟರೆ ಕರಗಿದ ಉಕ್ಕು ಎರಡೂ ಬದಿಗೆ ಚಿಮ್ಮಿ ಏಣಾಗಿ ಗಟ್ಟಿಯಾಗುತ್ತದೆ. ಲಟ್ಟಿಸುವಾಗ ಆ ಏಣು ಮಡಚಿ ಒಳಗೆ ಸೇರಿ ಹೊಸ ದೋಷವಾಗುತ್ತದೆ. ತೆಗೆಯಲು ಹೋದದ್ದನ್ನು ಕೈಯಾರೆ ಮಾಡಿದಂತೆ. ನಡುವೆ ಬಿರುಸಾಗಿ, ಅಂಚಿನತ್ತ ಹೋದಂತೆ ಮೆತ್ತಗಾಗುವ ಆಮ್ಲಜನಕದ ಧಾರೆಯೇ ಇದಕ್ಕೆ ಮದ್ದು. ಈ ನಾಜಲ್ ವಿನ್ಯಾಸ ಲೇಸರಿಗಿಂತ ಹಳೆಯ ಕಸುಬು, ಅದರಷ್ಟು ಸುದ್ದಿಯಾಗದ ಕಸುಬು.

ಇಷ್ಟೆಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ: ದೋಷ ಎಲ್ಲಿದೆ? ಎರಡು ಮುಖ ಸೇರಿ ಮೂವತ್ತು ಚದರ ಮೀಟರ್ ಮೈ. ಅದರ ಮೇಲೆ ಆಕ್ಸೈಡಿನ ಹುರುಪೆ. ಕೂದಲೆಳೆಯ ಬಿರುಕು ಹುರುಪೆಯ ಅಡಿಯಲ್ಲಿ, ಉಕ್ಕೋ 700-800 ಡಿಗ್ರಿಯಲ್ಲಿ ತಾನೇ ಬೆಳಗುತ್ತಿರುತ್ತದೆ. ಆ ಕೆಂಪು ಬೆಳಕನ್ನು ಸೋಸಲು ನೀಲಿ ದೀಪ ಬೆಳಗಿಸಿ ಕ್ಯಾಮೆರಾ ಇಡುತ್ತಾರೆ, ಸುಳಿವಿದ್ಯುತ್ತಿನಿಂದ (ಎಡ್ಡಿ ಕರೆಂಟ್) ಬಿರುಕಿನ ಆಳ ಅಳೆಯುತ್ತಾರೆ, ಲೇಸರ್ ಗೆರೆ ಹಾಯಿಸಿ ಉಬ್ಬುತಗ್ಗು ಓದುತ್ತಾರೆ. ಚಿತ್ರಗಳನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಎಲ್ಲ ಬಗೆಹರಿಯುತ್ತದೆ ಎನ್ನುವವರೂ ಇದ್ದಾರೆ. ಚಿತ್ರದಲ್ಲಿ ಇಲ್ಲದ್ದನ್ನು ಯಾವ ಬುದ್ಧಿಮತ್ತೆಯೂ ಓದಲಾರದು. ಚರ್ಮದ ಕೆಳಗಿನ ಅನಿಲದ ಗುಳ್ಳೆ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಮತ್ತೆ ಕಾಯಿಸಿದಾಗ ಮೇಲಿನ ಪದರ ಹುರುಪೆಯಾಗಿ ಉದುರಿದ ಮೇಲೆ ಅದು ಬಾಯಿ ತೆರೆಯುತ್ತದೆ. ಇಡೀ ಮೈ ಸುಲಿಯುವ ಒರಟು ಪದ್ಧತಿ ಇನ್ನೂ ಬದುಕಿರುವುದು ಇದೇ ಕಾರಣಕ್ಕೆ. ಅದು ದೋಷ ಎಲ್ಲಿದೆ ಎಂದು ಕೇಳುವುದಿಲ್ಲ. ಆಯ್ದು ಸುಡುವ ಲೇಸರ್ ಪದ್ಧತಿ ಕೇಳುತ್ತದೆ, ಉತ್ತರ ಸಿಗದಿದ್ದರೆ ಸುಮ್ಮನೆ ನಿಲ್ಲುತ್ತದೆ.

ಜಪಾನಿನವರು 1970-80ರ ದಶಕಗಳಲ್ಲಿ ಬೇರೆ ದಾರಿ ಹಿಡಿದರು. ಎರಕವನ್ನೇ ದೋಷವಿಲ್ಲದಂತೆ ಹೊಯ್ದು, ಸ್ಲ್ಯಾಬನ್ನು ತಣ್ಣಗಾಗಲು ಬಿಡದೆ ನೇರವಾಗಿ ರೋಲಿಂಗ್ ಮಿಲ್ಲಿಗೆ ಕಳಿಸುವುದು. ಅಚ್ಚಿನಲ್ಲಿ ಉಕ್ಕಿನ ಮಟ್ಟ ಏರಿಳಿಯದಂತೆ ನಿಯಂತ್ರಣ, ಕಾಂತಕ್ಷೇತ್ರದಿಂದ ದ್ರವವನ್ನು ಕಲಕುವುದು, ಅಲುಗಾಟದ ಲಯ ಬದಲಿಸಿ ಅಡ್ಡಗೆರೆಯನ್ನು ಆಳವಾಗದಂತೆ ತಡೆಯುವುದು ಹೀಗೆ ಹತ್ತಾರು ಕಡೆ ಕೈಹಾಕಿದರು. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರಿನ ಉಕ್ಕಿಗಾಗಿ ಜಪಾನಿನ ಉಕ್ಕು ಕಂಪನಿ ಜೆಎಫ್‌ಇ ಜೊತೆ ತಾಂತ್ರಿಕ ಒಪ್ಪಂದ ಮಾಡಿಕೊಂಡದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಕಾರಿನ ಹೊರಮೈ ಉಕ್ಕಿನ ಮರ್ಮ ಇರುವುದು ಇಂಥ ಸಣ್ಣ ಸಣ್ಣ ಶಿಸ್ತುಗಳಲ್ಲಿ. 1989ರಲ್ಲಿ ಅಮೆರಿಕದ ನ್ಯೂಕೋರ್ ಕಂಪನಿ ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನಲ್ಲಿ ಆರಂಭಿಸಿದ ತೆಳು ಸ್ಲ್ಯಾಬ್ ಎರಕದಲ್ಲಂತೂ ಸ್ಕಾರ್ಫಿಂಗಿಗೆ ಜಾಗವೇ ಇಲ್ಲ. ಐವತ್ತು ಮಿ.ಮೀ. ಸುಮಾರಿನ ಸ್ಲ್ಯಾಬ್ ನಿಲ್ಲದೆ ಮಿಲ್ಲಿಗೆ ಓಡುತ್ತದೆ. ತಪ್ಪು ತಿದ್ದುವ ಅವಕಾಶ ಇಲ್ಲದ್ದರಿಂದ ಅಂಥ ಉಕ್ಕು ಕಾರಿನ ಹೊರಮೈಗೆ ಬಹುಕಾಲ ಒಗ್ಗಲಿಲ್ಲ.

ನಮ್ಮಲ್ಲಿ ಲೇಸರಿಗೆ ಮೊದಲ ಕೆಲಸ ಸಿಗಬಹುದಾದದ್ದು ಸ್ಲ್ಯಾಬಿನ ಮೂಲೆಗಳಲ್ಲಿ ಎಂದು ನನ್ನ ಊಹೆ. ನಯೋಬಿಯಂ ಉಕ್ಕಿನ ಮೂಲೆ ಸೀಳುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಹುಡುಕುವ ಗೋಜಿಲ್ಲ, ಸುಡುವ ಪಟ್ಟಿಯೂ ಕಿರಿದು. ಭದ್ರಾವತಿ ಹೆಸರು ಮಾಡಿದಂಥ ಮಿಶ್ರಲೋಹ ಉಕ್ಕುಗಳಿಗೆ ಇದು ಅಷ್ಟು ಸುಲಭವಲ್ಲ. ಇಂಗಾಲ ಹೆಚ್ಚಿರುವ ಬ್ಲೂಮನ್ನು (ದಪ್ಪ ತೊಲೆಯಂಥ ಎರಕವನ್ನು) ತಣ್ಣಗಿರುವಾಗ ಸುಟ್ಟರೆ ಸುಟ್ಟ ಜಾಗದ ಕೆಳಗಿನ ಪದರ ಗಡುಸಾಗಿ, ಅಲ್ಲೇ ಹೊಸ ಬಿರುಕು ಬಿಡುತ್ತದೆ. ಬೆಂಕಿ ಹಚ್ಚಿದ್ದು ಜ್ವಾಲೆಯೋ ಲೇಸರೋ ಎಂಬುದರಿಂದ ಆ ಪರಿಣಾಮ ಬದಲಾಗುವುದಿಲ್ಲ.

ಲೇಸರ್ ಮಾರುವವರು ಬಂದಾಗ ಕಿಲೋವ್ಯಾಟ್ ಎಷ್ಟು, ಬೆಲೆ ಎಷ್ಟು ಎಂದು ಕೇಳುವುದಕ್ಕೆ ಮೊದಲು ಕಾರ್ಖಾನೆಯವರು ತಮ್ಮದೇ ಕಡತ ತೆಗೆಯಬೇಕು. ಕಳೆದ ವರ್ಷ ಗ್ರಾಹಕರು ವಾಪಸು ಕಳಿಸಿದ ಕಾಯಿಲುಗಳ ದೋಷಗಳಲ್ಲಿ ಎಷ್ಟು ಸ್ಲ್ಯಾಬಿನ ಮೇಲೆಯೇ ಕಾಣುವಂತಿದ್ದವು, ಎಷ್ಟು ಚರ್ಮದ ಕೆಳಗಿದ್ದವು? ಕಾಣುವಂಥವೇ ಹೆಚ್ಚಿದ್ದರೆ ಕ್ಯಾಮೆರಾ ಮೊದಲು, ನಾಜಲ್ ಆಮೇಲೆ, ಲೇಸರ್ ಕೊನೆಗೆ. ಕಾಣದಂಥವೇ ಹೆಚ್ಚಿದ್ದರೆ ಆ ದುಡ್ಡು ಎರಕದ ಅಚ್ಚಿಗೆ ಸೇರಬೇಕಾದದ್ದು.